ಏಳು ಹೆಣ್ಣುಗಳ ಸಂತತಿ

ಆ ವರ್ಷ ಕಣಜಕ್ಕನ ಜಾಡಿಗಳಲ್ಲಿ ಹೆಣ್ಣುಗಳು ಕಡಿಮೆಯಾಗುತ್ತ ಬಂದವು.

ಕಣಜಕ್ಕ ಎನ್ನುವುದು ಜೊತೆಯವರು ಅವಳಿಗೆ ಇಟ್ಟ ಹೆಸರು. ಕೀಟ ಸಾಕುವ ಕೇಂದ್ರವೊಂದರಲ್ಲಿ ಅವಳು ಹತ್ತೊಂಬತ್ತು ವರ್ಷಗಳಿಂದ ಒಂದೇ ಜಾತಿಯ ಪುಟ್ಟ ಕಣಜವನ್ನು ಸಾಕುತ್ತಿದ್ದಳು. ಅರ್ಧ ಅಕ್ಕಿಕಾಳಿನಷ್ಟಿರುವ ಈ ಕಣಜ ಮನುಷ್ಯರ ತಂಟೆಗೆ ಬರುವುದಿಲ್ಲ. ಇದರ ಹೆಣ್ಣು ಧಾನ್ಯದಲ್ಲಿರುವ ಪತಂಗದ ಹುಳುವನ್ನು ಹುಡುಕಿ, ಮುಳ್ಳಿನಿಂದ ಚುಚ್ಚಿ, ಅಲುಗಾಡದಂತೆ ಮಾಡಿ ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿಗಳು ಆ ಹುಳುವನ್ನೇ ಹೀರಿ ದೊಡ್ಡವಾಗುತ್ತವೆ. ವಿಷದ ಹೊಗೆ ಬೇಡವೆನ್ನುವ ಗೋದಾಮಿನವರು ಡಬ್ಬಿಗಳಲ್ಲಿ ಈ ಕಣಜಗಳನ್ನು ತರಿಸಿಕೊಂಡು ಚೀಲಗಳ ನಡುವೆ ಬಿಡುತ್ತಿದ್ದರು. ಗಂಡು ಕಣಜಕ್ಕೆ ಮುಳ್ಳೇ ಇಲ್ಲ. "ಹುಟ್ಟೋದು, ಜೇನು ನೆಕ್ಕೋದು, ಜೋಡಿ ಕಟ್ಟೋದು, ಅಲ್ಲಿಗೆ ಮುಗೀತು. ಥೇಟ್ ನಮ್ಮ ಮನೆಯವರ ಹಾಗೇ" ಎಂದು ಡಬ್ಬಿ ತುಂಬುವ ಹೆಂಗಸರು ನಗುತ್ತಿದ್ದರು. ಕೆಲಸವೆಲ್ಲ ಹೆಣ್ಣಿನದೇ. ಆದ್ದರಿಂದ ಒಂದು ಡಬ್ಬಿಯಲ್ಲಿ ಎಷ್ಟು ಕಣಜ ಎಂದು ಯಾರೂ ಕೇಳುತ್ತಿರಲಿಲ್ಲ, ಎಷ್ಟು ಹೆಣ್ಣು ಎಂದು ಕೇಳುತ್ತಿದ್ದರು.

ಮೊದಲು ನೂರಕ್ಕೆ ಅರವತ್ತು ಹೆಣ್ಣು ಇರುತ್ತಿದ್ದವು. ಎರಡು ವರ್ಷದ ಹಿಂದೆ ಅದು ನಲವತ್ತಕ್ಕೆ ಇಳಿಯಿತು. ಈಗ ಮೂವತ್ತು ಮುಟ್ಟುವುದೂ ಕಷ್ಟವಾಗಿತ್ತು. ಮೊಟ್ಟೆಗಳೂ ಹುಸಿಯಾಗುತ್ತಿದ್ದವು. ಭೂತಗನ್ನಡಿ ಹಿಡಿದು ನೋಡಿದರೆ ಹುಳುವಿನ ಮೈಮೇಲೆ ಇಪ್ಪತ್ತು ಮೊಟ್ಟೆ ಕಾಣುತ್ತಿದ್ದವು. ಎರಡು ದಿನ ಬಿಟ್ಟು ನೋಡಿದರೆ ಹತ್ತು ಮರಿಗಳು, ಉಳಿದವು ಸುಕ್ಕುಗಟ್ಟಿದ ಸಿಪ್ಪೆ. ಗೋದಾಮುಗಳಿಂದ ದೂರು ಬರತೊಡಗಿತು. ಕಣಜ ಬಿಟ್ಟು ತಿಂಗಳಾದರೂ ಚೀಲಗಳ ಮೇಲೆ ಪತಂಗ ಹಾರುತ್ತಲೇ ಇವೆ ಎಂದರು. ಒಬ್ಬರಂತೂ ಡಬ್ಬಿಗಳನ್ನು ವಾಪಸ್ಸೇ ಕಳಿಸಿದರು.

ಮ್ಯಾನೇಜರ್ ಕಾರಣ ಹುಡುಕಲು ಹೆಚ್ಚು ದೂರ ಹೋಗಲಿಲ್ಲ. ಕಣಜದ ಕೋಣೆಯ ಪಕ್ಕದಲ್ಲೇ ಹುಳುಗಳ ಕೋಣೆ ಇತ್ತು. ಕಣಜಕ್ಕೆ ಬೇಕಾದ ಪತಂಗದ ಹುಳುಗಳನ್ನು ನುಚ್ಚು ಹಾಕಿ ಬೆಳೆಸುತ್ತಿದ್ದವನು ಹುಳದಣ್ಣ. ಕಣಜಕ್ಕನಿಗಿಂತ ಏಳೆಂಟು ವರ್ಷ ದೊಡ್ಡವನು, ಮಾತು ಕಡಿಮೆ, ಕೆಮ್ಮು ಹೆಚ್ಚು. ನುಚ್ಚಿನ ಧೂಳು ಅವನ ಹುಬ್ಬಿನ ಮೇಲೆ ಸದಾ ಕೂತಿರುತ್ತಿತ್ತು.

"ಮೇವು ಸರಿ ಇದ್ರೆ ಹುಳ ಸರಿ ಇರುತ್ತೆ, ಹುಳ ಸರಿ ಇದ್ರೆ ಕಣಜ ಸರಿ ಇರುತ್ತೆ" ಎಂದರು ಮ್ಯಾನೇಜರ್, ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು. "ಕಣಜದ ಕೋಣೆಯ ರಿಜಿಸ್ಟರ್ ನೋಡಿದೀನಿ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಏರುಪೇರಿಲ್ಲ. ಹಾಗಾದ್ರೆ ತಪ್ಪು ಎಲ್ಲಿದೆ?"

"ಮೇವು ಬದಲಾಯಿಸಿಲ್ಲ ಸಾರ್" ಎಂದ ಹುಳದಣ್ಣ. "ಅದೇ ನುಚ್ಚು, ಅದೇ ಅಳತೆ."

"ಅದನ್ನೇ ಹೇಳ್ತಿರೋದು. ಕಣ್ಣು ಮಂಜಾಗಿದೆ ನಿಮಗೆ. ಬೂಷ್ಟು ಹಿಡಿದಿದ್ರೂ ಕಾಣಲ್ಲ."

ಮುಂದಿನ ತಿಂಗಳ ಕೊನೆಗೆ ಅವನನ್ನು ಸಾಕಣೆಯಿಂದ ಬಿಡಿಸಿ, ಹಿಂದಿನ ಗೇಟಿನಲ್ಲಿ ಕಾವಲಿಗೆ ಕೂರಿಸುವುದೆಂದು ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕಣಜಕ್ಕನಿಗೆ ಆ ಗಾದೆ ಆಗಲೇ ನೆನಪಾಯಿತು. ಆದರೂ ಅವಳು ಬಾಯಿ ಬಿಡಲಿಲ್ಲ.

ಯಾಕೆಂದರೆ ರಿಜಿಸ್ಟರಿನಲ್ಲಿ ಒಂದು ಸುಳ್ಳು ಇತ್ತು. ಅದನ್ನು ಬರೆದವಳು ಅವಳೇ.

ಆರು ವರ್ಷದ ಹಿಂದೆ, ಎರಡು ದಿನ ರಜೆ ಇದ್ದಾಗ, ಕಣಜದ ಕೋಣೆಯ ಹೀಟರ್ ಆರದೆ ಉರಿದೇ ಇತ್ತು. ರಜೆ ಮುಗಿಸಿ ಅವಳು ಬೆಳಗ್ಗೆ ಬಾಗಿಲು ತೆಗೆದಾಗ ಬಿಸಿಗಾಳಿ ಮುಖಕ್ಕೆ ರಾಚಿತು. ನಾಲ್ಕು ಕಪಾಟಿನ ಜಾಡಿಗಳಲ್ಲೂ ಕಣಜಗಳು ತಳದಲ್ಲಿ ಕಸದಂತೆ ಬಿದ್ದಿದ್ದವು. ಮೊಟ್ಟೆ, ಮರಿ, ಗೂಡು ಯಾವುದೂ ಉಳಿದಿರಲಿಲ್ಲ. ಹೊರಗಿನ ಪಡಸಾಲೆಯ ತಣ್ಣನೆಯ ಬೀರುವಿನಲ್ಲಿ ಅವಳು ಮರೆತು ಬಿಟ್ಟಿದ್ದ ಒಂದೇ ಜಾಡಿಯಲ್ಲಿ ಮಾತ್ರ ಹನ್ನೊಂದು ಕಣಜಗಳು ಮೆಲ್ಲಗೆ ಕಾಲಾಡಿಸುತ್ತಿದ್ದವು. ಏಳು ಹೆಣ್ಣು, ನಾಲ್ಕು ಗಂಡು. ಮ್ಯಾನೇಜರ್ ಆಗ ಊರಲ್ಲಿರಲಿಲ್ಲ. ಹೊರಡುವ ಮುಂಚೆ ಹೀಟರಿನ ಗುಂಡಿ ತಿರುಗಿಸಿದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು. ಸತ್ತದ್ದನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿದಳು. ಕಳಿಸಬೇಕಾದವರಿಗೆಲ್ಲ ಹವಾಮಾನ ಸರಿಯಿಲ್ಲ, ಎರಡು ತಿಂಗಳು ತಡವಾಗುತ್ತದೆ ಎಂದು ತಿಳಿಸಿದಳು. ಆ ಏಳು ಹೆಣ್ಣುಗಳಿಗೆ ಕೂದಲೆಳೆಯಷ್ಟು ಜೇನು ಮುಟ್ಟಿಸುತ್ತ, ಒಂದೊಂದಾಗಿ ಹುಳು ಕೊಡುತ್ತ, ಹತ್ತು ವಾರದಲ್ಲಿ ನಾಲ್ಕೂ ಕಪಾಟು ಮತ್ತೆ ತುಂಬಿಸಿದಳು. ರಿಜಿಸ್ಟರಿನಲ್ಲಿ ಅಷ್ಟೂ ದಿನಗಳಿಗೆ ಕೊನೆಗೊಮ್ಮೆ ಕೂತು "ಎಲ್ಲ ಸರಿ" ಎಂದೇ ತುಂಬಿದಳು. ಮರುವರ್ಷ ಒಂದು ದಿನವೂ ನಿಲ್ಲದ ಸಾಕಣೆ ಎಂದು ಅವಳಿಗೆ ಪ್ರಶಂಸಾಪತ್ರ ಕೊಟ್ಟರು. ಅದನ್ನು ಮನೆಗೆ ಒಯ್ದು ಟ್ರಂಕಿನ ತಳದಲ್ಲಿ ಮಗುಚಿ ಇಟ್ಟಿದ್ದಳು.

ದೂರುಗಳು ಹೆಚ್ಚಿದಾಗ ಮ್ಯಾನೇಜರ್ ವಿಶ್ವವಿದ್ಯಾಲಯದಿಂದ ಒಬ್ಬಳನ್ನು ಕರೆಸಿದರು. ಕೀಟಗಳ ವಂಶಗುಣ ಪರೀಕ್ಷಿಸುವ ಹುಡುಗಿ ಅವಳು. ಬೆನ್ನಿಗೆ ಚೀಲ ಹಾಕಿಕೊಂಡು ಬಂದು, ನಲವತ್ತು ಕಣಜಗಳನ್ನು ಸಣ್ಣ ಶೀಷೆಗಳಲ್ಲಿ ತುಂಬಿಕೊಂಡು ಹೋದಳು. ಮೂರು ವಾರಕ್ಕೆ ವಾಪಸ್ಸು ಬಂದು ಕಣಜಕ್ಕನ ಮೇಜಿನ ಮುಂದೆಯೇ ಕೂತಳು.

"ಅಕ್ಕ, ಇವೆಲ್ಲ ಅಣ್ಣ-ತಂಗಿಯರ ಹಾಗಿವೆ" ಎಂದಳು. "ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸಾನೇ ಇಲ್ಲ."

"ಶುದ್ಧವಾಗಿ ಇಟ್ಟಿದೀನಿ. ಹೊರಗಿನ ಒಂದು ಕಣಜಾನೂ ಒಳಗೆ ಬಿಟ್ಟಿಲ್ಲ" ಎಂದಳು ಕಣಜಕ್ಕ.

"ಅದೇ ತೊಂದರೆ." ಹುಡುಗಿ ಒಂದು ಹಾಳೆ ಎಳೆದುಕೊಂಡು ಪೆನ್ನಿನಲ್ಲಿ ಎರಡು ಚುಕ್ಕಿ ಇಟ್ಟಳು. "ಈ ಕಣಜದಲ್ಲಿ ಗಂಡು ಕೂಡದೆ ಇಟ್ಟ ಮೊಟ್ಟೆ ಗಂಡಾಗುತ್ತೆ. ಅದು ಸಹಜ. ಕೂಡಿದ ಮೇಲೆ ಇಟ್ಟವುಗಳಲ್ಲಿ ಹೆಚ್ಚಿನವು ಹೆಣ್ಣಾಗಬೇಕು. ಆದ್ರೆ ಒಂದು ಷರತ್ತಿದೆ. ಪ್ರತಿ ಕಣಜಕ್ಕೂ ಒಂದು ಗುರುತು ಇರುತ್ತೆ ಅಂದ್ಕೊಳ್ಳಿ. ತಾಯಿಯಿಂದ ಬಂದ ಗುರುತು, ತಂದೆಯಿಂದ ಬಂದ ಗುರುತು ಬೇರೆ ಬೇರೆ ಇದ್ರೆ ಮಗಳು. ಎರಡೂ ಒಂದೇ ಆದ್ರೆ ಮೊಟ್ಟೇಲೇ ಸಾಯುತ್ತೆ. ಬದುಕಿದ್ರೂ ಕೆಲಸಕ್ಕೆ ಬಾರದ ಗಂಡು. ಬಯಲಲ್ಲಿ ಇಂಥ ಗುರುತು ಹತ್ತಾರು ಇರ್ತವೆ. ನಿಮ್ಮ ಜಾಡಿಗಳಲ್ಲಿ ಉಳಿದಿರೋದು ಎರಡೇ."

ಕಣಜಕ್ಕ ಆ ಚುಕ್ಕಿಗಳನ್ನೇ ನೋಡಿದಳು. ಸಗೋತ್ರದ ಮದುವೆ ಕೂಡದು ಎನ್ನುವ ಮಾತು ಇಂಥ ಪುಟ್ಟ ಜೀವಕ್ಕೂ ಸಲ್ಲುತ್ತದೆಂದು ಅವಳು ಎಣಿಸಿರಲಿಲ್ಲ.

"ನನಗೊಂದು ಲೆಕ್ಕ ಕೂಡ್ತಿಲ್ಲ" ಎಂದಳು ಹುಡುಗಿ. "ಶುರು ಮಾಡಿದಾಗ ಇನ್ನೂರು ಹೆಣ್ಣು ತಂದಿದ್ರು ಅಂತ ಬರೆದಿದೆ. ಇಷ್ಟು ದೊಡ್ಡ ಸಾಕಣೇಲಿ ಗುರುತುಗಳು ಇಷ್ಟು ಬೇಗ ಅಳಿಸಿಹೋಗಬಾರದು. ಮಧ್ಯೆ ಯಾವಾಗಾದ್ರೂ ಸಂಖ್ಯೆ ತೀರ ಬಿದ್ದಿತ್ತಾ? ಬೆರಳೆಣಿಕೆಯಷ್ಟು?"

"ಇಲ್ಲ" ಎಂದಳು ಕಣಜಕ್ಕ.

ಹುಡುಗಿ ವರದಿಯಲ್ಲಿ ಗುರುತುಗಳು ಅಳಿಸಿಹೋಗಿವೆ, "ಕಾರಣ ತಿಳಿಯದು" ಎಂದು ಬರೆದಳು. ಕಾರಣ ತಿಳಿಯದು ಎಂದರೆ ತನ್ನ ಕಾರಣವೇ ಸರಿ ಎಂದು ಮ್ಯಾನೇಜರ್ ಓದಿಕೊಂಡರು.

ತಿಂಗಳ ಕೊನೆಯ ವಾರ ಕಣಜಕ್ಕ ಹುಳುಗಳನ್ನು ತರಲು ಪಕ್ಕದ ಕೋಣೆಗೆ ಹೋದಾಗ ಹುಳದಣ್ಣ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದ. ಮುಂದೆ ಬರುವವರಿಗೆಂದು ಪ್ರತಿ ತಟ್ಟೆಗೂ ಚೀಟಿ ಅಂಟಿಸಿದ್ದ: ಯಾವ ದಿನ ಎಷ್ಟು ನುಚ್ಚು, ಯಾವ ದಿನ ಜರಡಿ. ಅಕ್ಷರಗಳು ಮಕ್ಕಳು ಬರೆದಂತೆ ದಪ್ಪಗಿದ್ದವು. ಕಣಜಕ್ಕ ಒಂದು ಚೀಟಿ ಓದಿದಳು, ಇನ್ನೊಂದು ಓದಿದಳು. ಮೂರನೆಯದಕ್ಕೆ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು. ಹೀಟರು, ಸತ್ತ ಜಾಡಿಗಳು, ಏಳು ಹೆಣ್ಣು.

ಹುಳದಣ್ಣ ಕೈ ಒರೆಸಿಕೊಳ್ಳುತ್ತ ಕೇಳಿದ. ಕೇಳಿ ಮುಗಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದ.

"ನನ್ನ ಹುಳ ಸರಿ ಇಲ್ಲ ಅಂತ ಅವರು ಅಂದಾಗ ನೀನು ಪಕ್ಕದಲ್ಲೇ ನಿಂತಿದ್ದೆ" ಎಂದ.

"ಹೌದು ಅಣ್ಣ."

"ಮನೇಲಿ ನಾನೂ ಅದನ್ನೇ ಹೇಳಿದೆ. ಕಣ್ಣು ಸಾಲ್ತಿಲ್ಲ, ನನ್ನದೇ ತಪ್ಪು ಇರಬೇಕು ಅಂತ. ನಂಬಿಬಿಟ್ಟಿದ್ದೆ."

ಕಣಜಕ್ಕ ಅಳತೊಡಗಿದಳು.

"ನನ್ನ ಮುಂದೆ ಅತ್ತು ಏನು ಉಪಯೋಗ? ಹೇಳಬೇಕಾದವರಿಗೆ ಹೋಗಿ ಹೇಳು" ಎಂದು ಅವನು ಬೆನ್ನು ತಿರುಗಿಸಿ ತಟ್ಟೆ ಎತ್ತಿಕೊಂಡ.

ಅವಳು ಆಗಲೇ ಹೋದಳು. ಸೆರಗಿನಿಂದ ಮುಖ ಒರೆಸಿಕೊಂಡು, ರಿಜಿಸ್ಟರ್ ಕಂಕುಳಲ್ಲಿ ಹಿಡಿದು. ಮ್ಯಾನೇಜರ್ ಮೊದಲು ನಂಬಲಿಲ್ಲ. ಆಮೇಲೆ ಪುಟ ತಿರುವಿ ಆ ಹತ್ತು ವಾರಗಳನ್ನು ಹುಡುಕಿದರು. ಎಪ್ಪತ್ತು ದಿನ ಸಾಲಾಗಿ ಒಂದೇ ಮಸಿ, ಒಂದೇ ಅಕ್ಷರ, ಒಂದೇ ಓರೆ. ಅಷ್ಟನ್ನೂ ಒಂದೇ ಸಲ ಕೂತು ಬರೆದದ್ದೆಂದು ಈಗ ಯಾರಿಗಾದರೂ ತಿಳಿಯುವಂತಿತ್ತು.

"ನಿಮಗೆ ಕೊಟ್ಟ ಪ್ರಶಂಸಾಪತ್ರಕ್ಕೆ ನನ್ನ ರುಜು ಇದೆ" ಎಂದರು ಅವರು, ರಿಜಿಸ್ಟರ್ ಮುಚ್ಚಿ.

"ಗೊತ್ತು ಸಾರ್."

"ಆವತ್ತೇ ಹೇಳಿದ್ರೆ ಏನಾಗ್ತಿತ್ತು? ಒಂದು ಬೈಗುಳ. ಅಷ್ಟೇ ತಾನೆ?"

ಅವಳು ಆರು ವರ್ಷದಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. ಉತ್ತರ ಇಷ್ಟೇ: ಅವಳಿಗೆ ಆ ಕೋಣೆ ಬಿಟ್ಟರೆ ಹೆಸರು ತಂದುಕೊಟ್ಟದ್ದು ಬೇರೇನೂ ಇರಲಿಲ್ಲ. ಅದನ್ನು ಮ್ಯಾನೇಜರ್ ಮುಂದೆ ಹೇಳುವಂತಿರಲಿಲ್ಲ.

ಹುಳದಣ್ಣನನ್ನು ಗೇಟಿಗೆ ಹಾಕುವ ಆದೇಶ ಅಂದೇ ರದ್ದಾಯಿತು. ಕಣಜದ ಕೋಣೆಯ ಮೇಲ್ವಿಚಾರಕಿಯಾಗಿದ್ದ ಕಣಜಕ್ಕನಿಂದ ಆ ಹುದ್ದೆ ಕಿತ್ತುಕೊಂಡರು. ಕೆಲಸ ಮಾತ್ರ ಉಳಿಯಿತು. ಪರೀಕ್ಷೆಯ ಹುಡುಗಿಗೆ ಫೋನು ಹೋಯಿತು. ಅವಳಿಗೆ ಸಿಟ್ಟು ಬರಲಿಲ್ಲ, ಸಮಾಧಾನವಾಯಿತು.

"ನನ್ನ ಲೆಕ್ಕ ತಪ್ಪಿರಲಿಲ್ಲ ಹಾಗಾದ್ರೆ" ಎಂದಳು. "ಸರಿ. ಈಗ ಹೊಸ ಕಣಜ ಬೇಕು. ಬಯಲಿನವು. ವಿಷದ ಹೊಗೆ ಹಾಕದ, ಹಿಟ್ಟಿನ ಪತಂಗ ಇರೋ ಹಳೇ ಜಾಗ ಯಾವುದಾದ್ರೂ ಗೊತ್ತಾ? ಅಲ್ಲಿ ತಾವಾಗೇ ಬಂದು ಸೇರಿರ್ತವೆ."

ಕಣಜಕ್ಕನಿಗೆ ಗೊತ್ತಿತ್ತು. ಅವಳ ಅಕ್ಕನ ಗಂಡನ ಗಿರಣಿ. ಭಾವನಿಗೆ ವಿಷದ ವಾಸನೆ ಕಂಡರಾಗದು. ಎದೆ ಬಿಗಿಯುತ್ತದೆಂದು ಯಾವತ್ತೂ ಹೊಗೆ ಹಾಕಿಸಿದವನಲ್ಲ. ಆದರೆ ಹತ್ತು ವರ್ಷದಿಂದ ಅವನು ಅವಳೊಡನೆ ಮಾತು ಬಿಟ್ಟಿದ್ದ. ಬಂಧುಗಳೆಲ್ಲ ಊಟಕ್ಕೆ ಕೂತಿದ್ದ ದಿನ ಅವಳು ಹಿಟ್ಟಿನ ಡಬ್ಬದಲ್ಲಿ ಬೆರಳಾಡಿಸಿ, "ಭಾವ, ನಿಮ್ಮ ಹಿಟ್ಟಲ್ಲಿ ಹುಳ ಇದೆಯಲ್ಲ" ಎಂದುಬಿಟ್ಟಿದ್ದಳು. ಅವಳಿಗೆ ಅದು ದಿನವೂ ನೋಡುವ ವಸ್ತು. ಅವನಿಗೆ ಮಾನದ ಪ್ರಶ್ನೆ. ಅವನ ಗಿರಾಕಿಗಳಲ್ಲಿ ಇಬ್ಬರು ಅದೇ ಪಂಕ್ತಿಯಲ್ಲಿದ್ದರು.

ಅಕ್ಕನಿಗೆ ಫೋನು ಮಾಡಿದಳು. "ಭಾವನ ಹತ್ರ ಒಂದು ಮಾತು ಹಾಕು. ಕಣಜಕ್ಕಾಗಿ ಬರ್ತೀನಿ ಅಂತ ಹೇಳು."

ಅಕ್ಕ ಹೇಳಿದಳು. ಭಾವ ಅದನ್ನು ಧಾನ್ಯ ತುಂಬುವ ಕಣಜ ಎಂದುಕೊಂಡ. ತನ್ನ ಗಿರಣಿಯ ದೊಡ್ಡ ಕಣಜವನ್ನು ಬಾಡಿಗೆಗೆ ಕೇಳಲು ನಾದಿನಿ ಬರುತ್ತಾಳೆಂದು ತಿಳಿದು, ಕೊಡುವುದಿಲ್ಲವೆಂದು ಹೇಳುವ ಸುಖಕ್ಕಾಗಿಯೇ ಬರಲಿ ಎಂದ.

ಹೊರಡುವ ದಿನ ಹುಳದಣ್ಣ ತಾನೂ ಬರುತ್ತೇನೆಂದು ಚೀಲ ಹಿಡಿದು ನಿಂತ. ಆ ವಾರವಿಡೀ ಅವನು ಅವಳೊಡನೆ ಬೇಕಾದ್ದಕ್ಕಿಂತ ಹೆಚ್ಚು ಒಂದು ಮಾತೂ ಆಡಿರಲಿಲ್ಲ.

"ನೀವು ಯಾಕೆ ಅಣ್ಣ?"

"ಹುಳ ಹುಡುಕೋದು ನನ್ನ ಕೆಲಸ" ಎಂದ.

ಬಸ್ಸಿನಲ್ಲಿ ಎರಡು ಗಂಟೆ ಅವನು ಕಿಟಕಿಯಾಚೆ ನೋಡುತ್ತ ಕೂತ.

ಗಿರಣಿ ಇಟ್ಟಿಗೆಯ ಉದ್ದ ಕಟ್ಟಡ. ಒಳಗೆ ಬೆಲ್ಟು ತಿರುಗುವ ಸದ್ದು, ಬಿಸಿ ಹಿಟ್ಟಿನ ವಾಸನೆ. ಭಾವ ಬಿಳಿ ಟೋಪಿ ಹಾಕಿಕೊಂಡು ತಕ್ಕಡಿಯ ಬಳಿ ನಿಂತಿದ್ದ. ಕಣಜಕ್ಕ ಬಂದ ಕಾರಣ ಬಿಡಿಸಿ ಹೇಳಿದಾಗ ಅವನ ಮುಖ ಗಂಟಿಕ್ಕಿತು.

"ಹುಳ ಹುಡುಕಿಕೊಂಡು ಬಂದಿದೀಯಾ? ಅದೂ ಇಲ್ಲಿಗೇ?" ಎಂದ. "ನನ್ನ ಗಿರಣೀಲಿ ಹುಳ ಇಲ್ಲ ಅಂತ ಆವತ್ತೇ ಹೇಳಿದೆ."

"ಹುಳ ಅಲ್ಲ ಭಾವ, ಹುಳ ತಿನ್ನೋ ಕಣಜ."

"ತಿನ್ನೋಕೆ ಹುಳ ಇದ್ರೆ ತಾನೆ ಕಣಜ ಇರೋದು? ನನಗೇನು ಅಷ್ಟೂ ತಿಳಿಯಲ್ವಾ?"

ಅಕ್ಕ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಗುವೋ ದಿಗಿಲೋ ತಿಳಿಯುವಂತಿರಲಿಲ್ಲ.

ಆಗ ಹುಳದಣ್ಣ ತಕ್ಕಡಿಯಲ್ಲಿದ್ದ ಹಿಟ್ಟನ್ನು ಒಂದು ಚಿಟಿಕೆ ತೆಗೆದು ಮೂಸಿದ, ನಾಲಿಗೆಗೆ ಹಾಕಿಕೊಂಡ.

"ಯಜಮಾನ್ರೇ, ನಾನು ಇಪ್ಪತ್ತಾರು ವರ್ಷದಿಂದ ಹುಳ ಸಾಕ್ತಿದೀನಿ" ಎಂದ. "ವಿಷದ ಹೊಗೆ ಹಾಕಿದ ಕಾಳು ಕೊಟ್ರೆ ಅವು ಒಂದೇ ದಿನಕ್ಕೆ ಸಾಯ್ತವೆ. ಮನುಷ್ಯರು ನಿಧಾನ, ಗೊತ್ತಾಗಲ್ಲ ಅಷ್ಟೇ. ಹುಳ ಒಂದೂ ಇಲ್ಲ ಅನ್ನೋ ಗಿರಣಿ ಹಿಟ್ಟು ನಾನು ಮನೆಗೆ ಒಯ್ಯಲ್ಲ. ನಿಮ್ಮದು ಒಯ್ತೀನಿ."

ಭಾವ ಅವನನ್ನು ಮೇಲಿಂದ ಕೆಳಗೆ ನೋಡಿದ. ಧೂಳು ಕೂತ ಹುಬ್ಬು, ಒಡೆದ ಬೆರಳು, ಕೆಮ್ಮು. ತನ್ನ ಕಸುಬಿನವನೇ ಅನ್ನಿಸಿರಬೇಕು.

"ಭಾವ, ನಾನು ಆವತ್ತು ಅಷ್ಟು ಜನರ ಮುಂದೆ ಹಾಗೆ ಅನ್ನಬಾರದಿತ್ತು" ಎಂದಳು ಕಣಜಕ್ಕ. "ನನ್ನ ಮನೆ ಹುಳುಕು ಮುಚ್ಚಿಟ್ಟುಕೊಂಡು ಈಗ ಕೈ ಸುಟ್ಟುಕೊಂಡಿದೀನಿ. ಹೊಟ್ಟೆಗೆ ಹಾಕ್ಕೊಳ್ಳಿ."

ಅವನು ಬೆಲ್ಟು ನಿಲ್ಲಿಸಿದ. ಸೊಂಟದಿಂದ ಬೀಗದ ಕೈ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. "ಹಿಂದಿನ ತವುಡಿನ ಕೋಣೆ ತೋರಿಸು. ಹೇಗೂ ಆ ಕೋಣೆ ಗುಡಿಸಿ ಎರಡು ವರ್ಷ ಆಯ್ತು."

ಮೂರು ವರ್ಷ ಎಂದು ಅಕ್ಕ ಹೋಗುವ ದಾರಿಯಲ್ಲಿ ಪಿಸುಗುಟ್ಟಿದಳು.

ತವುಡಿನ ಕೋಣೆಯ ಗೋಡೆ ಮೂಲೆಗಳಲ್ಲಿ ಬಲೆ ಗಂಟುಗಟ್ಟಿ, ಹಿಟ್ಟು ಅಂಟಿ ಜೋತುಬಿದ್ದಿತ್ತು. ಹುಳದಣ್ಣ ಮೊಣಕಾಲೂರಿ ಕೂತು, ಹಳೆಯ ಚೀಲದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದ. ನಾಲ್ಕನೆಯ ಚೀಲದಲ್ಲಿ ಒಂದು ಹುಳು ಮೆತ್ತಗೆ ಮಲಗಿತ್ತು, ಮುಟ್ಟಿದರೂ ಅಲುಗಲಿಲ್ಲ. ಅದರ ಪಕ್ಕೆಯ ಮೇಲೆ ಒಂದು ಸಾಲು ಮೊಟ್ಟೆ. ಅವನು ಕೈಯೆತ್ತಿ ಕಣಜಕ್ಕನನ್ನು ಕರೆದ.

ಕಣಜ ಅಲ್ಲೇ ಚೀಲದ ಅಂಚಿನಲ್ಲಿತ್ತು. ಅವಳ ಕಣಜಗಳಿಗಿಂತ ತುಸು ಕಪ್ಪು, ಬಹಳ ಚುರುಕು. ಕಣಜ ಹಿಡಿಯುವ ಹೀರುನಳಿಗೆಯ ರಬ್ಬರನ್ನು ಬಾಯಿಗಿಟ್ಟು ಉಸಿರೆಳೆಯುವಷ್ಟರಲ್ಲಿ ಹಾರಿಹೋಯಿತು. ಎರಡನೆಯದೂ ಹೋಯಿತು. ಹತ್ತೊಂಬತ್ತು ವರ್ಷ ಜಾಡಿಯೊಳಗಿನ ಸಾಧು ಕಣಜಗಳನ್ನೇ ಹಿಡಿದವಳಿಗೆ ಇವು ಆಟ ಆಡಿಸಿದವು. ಸಂಜೆಯ ಹೊತ್ತಿಗೆ ಹದಿನೇಳು ಸಿಕ್ಕಿದವು. ಅಕ್ಕ ದೀಪ ಹಿಡಿದು ನಿಂತು, "ಅಲ್ಲೊಂದು, ಅಲ್ಲೊಂದು" ಎನ್ನುತ್ತಿದ್ದಳು. ಮುಂದಿನ ಎರಡು ವಾರದಲ್ಲಿ ಮತ್ತೆ ಎರಡು ಸಲ ಹೋದರು. ಮೂರನೆಯ ಸಲ ಭಾವನೇ ನಾಲ್ಕು ಕಣಜಗಳನ್ನು ಗಾಜಿನ ಲೋಟ ಮಗುಚಿ ಹಿಡಿದಿಟ್ಟಿದ್ದ. ಒಟ್ಟು ಅರವತ್ತಮೂರು ಆದವು.

ಪರೀಕ್ಷೆಯ ಹುಡುಗಿ ಜಾತಿ ಒಂದೇ ಎಂದು ಖಾತ್ರಿ ಮಾಡಿದಳು. ಹೊರಗಿನ ರೋಗ ಒಳಗೆ ಬಾರದಿರಲೆಂದು ಒಂದು ತಲೆಮಾರು ಅವುಗಳನ್ನು ಬೇರೆ ಕೋಣೆಯಲ್ಲೇ ಸಾಕಿದರು. ಆಮೇಲೆ ಕಣಜಕ್ಕ ತನ್ನ ಜಾಡಿಗಳಲ್ಲಿದ್ದ, ಇನ್ನೂ ಒಡೆಯದ ಮರಿಗೂಡುಗಳನ್ನು ಒಂದೊಂದು ಶೀಷೆಗೆ ಒಂದೊಂದರಂತೆ ಬೇರ್ಪಡಿಸಿದಳು. ಗಂಡಿನ ಮುಖ ಕಾಣದ ಹೆಣ್ಣುಗಳು ಹೊರಬಂದವು. ಅರ್ಧಕ್ಕೆ ತನ್ನ ಗಂಡುಗಳನ್ನೇ ಬಿಟ್ಟಳು, ಅರ್ಧಕ್ಕೆ ಗಿರಣಿಯವನ್ನು.

ಹನ್ನೆರಡು ದಿನ ಕಾದರು. ಗಿರಣಿಯ ಗಂಡು ಕೂಡಿದ ಶೀಷೆಗಳಲ್ಲಿ ನೂರು ಮೊಟ್ಟೆಗೆ ಎಂಬತ್ತೊಂಬತ್ತು ಒಡೆದಿದ್ದವು, ಐವತ್ತೈದು ಹೆಣ್ಣು. ತನ್ನ ಗಂಡುಗಳಿದ್ದ ಕಡೆ ಐವತ್ತೆಂಟು ಒಡೆದಿದ್ದವು, ಹೆಣ್ಣು ಹದಿನೆಂಟು. ಕಣಜಕ್ಕ ಎರಡು ಸಲ ಎಣಿಸಿದಳು. ಹುಡುಗಿ ಮೂರನೆಯ ಸಲ ಎಣಿಸಿ, "ಸರಿಯಾಗಿದೆ ಅಕ್ಕ" ಎಂದಳು. ಕಣಜಕ್ಕನಿಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ತಾನು ಕಾಪಾಡಿಕೊಂಡು ಬಂದ ಶುದ್ಧ ಸಂತತಿ ಅಲ್ಲಿಗೆ ಮುಗಿದಿತ್ತು. ಅದನ್ನು ಮುಗಿಸಿದ್ದೂ ಅವಳದೇ ಕೈ.

ಎಲ್ಲವೂ ಒಮ್ಮೆಗೇ ಸರಿಹೋಗಲಿಲ್ಲ. ಹೊಸ ಕಣಜಗಳಿಗೆ ಜಾಡಿಯ ಬಾಳು ಒಗ್ಗಲಿಲ್ಲ. ಬಟ್ಟೆಯ ಮುಚ್ಚಳ ತೆಗೆದರೆ ಬೆಳಕಿಗೆ ನುಗ್ಗಿ ಕಿಟಕಿಯ ಗಾಜಿಗೆ ಅಂಟಿಕೊಳ್ಳುತ್ತಿದ್ದವು. ಎರಡು ಕಪಾಟು ಬೂಷ್ಟು ಹಿಡಿದು ಹಾಳಾದವು. ಎಲ್ಲವನ್ನೂ ಒಟ್ಟಿಗೆ ಬೆರೆಸಬೇಡಿ, ನಾಲ್ಕು ವಂಶಗಳಾಗಿ ಬೇರೆ ಬೇರೆ ಸಾಲಿನಲ್ಲಿ ಇಡಿ, ಗೋದಾಮಿಗೆ ಕಳಿಸುವ ಮುಂಚೆ ಮಾತ್ರ ಒಂದರ ಹೆಣ್ಣಿಗೆ ಇನ್ನೊಂದರ ಗಂಡು ಕೂಡಿಸಿ, ವರ್ಷಕ್ಕೊಮ್ಮೆ ಹೊರಗಿನಿಂದ ಹೊಸದು ತನ್ನಿ ಎಂದು ಹುಡುಗಿ ಬರೆದುಕೊಟ್ಟಳು. ನಾಲ್ಕು ಸಾಲು ಎಂದರೆ ನಾಲ್ಕರಷ್ಟು ಕೆಲಸ. ಮೇಲ್ವಿಚಾರಕಿಯ ಜಾಗಕ್ಕೆ ಹೊಸದಾಗಿ ಬಂದವಳು ಕಣಜಕ್ಕನಿಗಿಂತ ಹದಿನೈದು ವರ್ಷ ಚಿಕ್ಕವಳು. ಅವಳು ಕೇಳಿದ್ದಕ್ಕೆಲ್ಲ ಕಣಜಕ್ಕ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟಳು. ಮೊದಲ ತಿಂಗಳು ಅದು ಕಷ್ಟವಾಯಿತು. ಆಮೇಲೆ ಅಭ್ಯಾಸವಾಯಿತು.

ಐದನೆಯ ತಿಂಗಳಿಗೆ ಡಬ್ಬಿಗಳಲ್ಲಿ ಮತ್ತೆ ಹೆಣ್ಣುಗಳೇ ಹೆಚ್ಚಾದವು.

ಹುಳದಣ್ಣ ಕೆಲಸದ ಮಾತು ಆಡುತ್ತಿದ್ದ, ಬೇರೆ ಮಾತಿಲ್ಲ. ಒಂದು ಮಧ್ಯಾಹ್ನ ಇಬ್ಬರೂ ನುಚ್ಚು ಜರಡಿ ಹಿಡಿಯುತ್ತಿದ್ದಾಗ ಅವನೇ ಕೇಳಿದ:

"ಆವತ್ತು ಬೆಳಗ್ಗೆ ನೀನು ಸತ್ತ ಜಾಡಿ ನೋಡಿದಾಗ ನಾನು ರಜೇಲಿದ್ದೆನಾ?"

"ಇಲ್ಲ. ಪಕ್ಕದ ಕೋಣೇಲೇ ಇದ್ರಿ."

"ಒಂದು ಸಲ ಕೂಗಿದ್ರೆ ಬರ್ತಿದ್ದೆ. ಇಬ್ಬರೂ ಆವತ್ತೇ ಎಲ್ಲಿಂದಾದ್ರೂ ಕಣಜ ತರ್ತಿದ್ವಿ."

"ಗೊತ್ತು ಅಣ್ಣ. ಅದೇ ನನ್ನನ್ನ ತಿನ್ನೋದು."

ಅವನು ಜರಡಿಯನ್ನು ಎರಡು ಸಲ ತಟ್ಟಿದ. ಸಣ್ಣ ಧೂಳು ಎದ್ದು ಇಬ್ಬರ ಕೈಮೇಲೂ ಕೂತಿತು.

"ಇನ್ನು ಮೇಲಾದ್ರೂ ಕೂಗು" ಎಂದು, ಅವಳ ಕಡೆಗೆ ಇನ್ನೊಂದು ಚೀಲ ಸರಿಸಿದ.